ಮಂಡ್ಯದ ಗದ್ದೆ, ಪ್ಯಾರಿಸ್ ಒಪ್ಪಂದ, ನಡುವೆ ಒಂದು ತೂಬು

2023ರಲ್ಲಿ ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ಆಯಿತು, ಬೆಂಗಳೂರು ಬಂದ್ ಆಯಿತು, ಕೊನೆಗೆ ಕರ್ನಾಟಕವೇ ಬಂದ್ ಆಯಿತು. ಮಾರನೇ ವರ್ಷ ಜುಲೈನಲ್ಲಿ ಅದೇ ಕಟ್ಟೆಯ ನೀರು 124.80 ಅಡಿ ಮುಟ್ಟಿತು, ನದಿ ಪಾತ್ರದವರಿಗೆ ಎಚ್ಚರಿಕೆ ಕೊಡಬೇಕಾಯಿತು. 2025ರಲ್ಲಂತೂ ಜೂನ್ ಮುಗಿಯುವಷ್ಟರಲ್ಲೇ ಕಟ್ಟೆ ತುಂಬಿತು. ಜೂನ್ 30ಕ್ಕೇ ಮುಖ್ಯಮಂತ್ರಿ ಬಾಗಿನ ಕೊಟ್ಟರು. ಅಷ್ಟು ಬೇಗ ಬಾಗಿನ ಕೊಟ್ಟಿದ್ದು ಅದೇ ಮೊದಲು.

ಈ ಮೂರು ವರ್ಷಗಳ ಸರಾಸರಿ ತೆಗೆದರೆ ದೊಡ್ಡದೇನೂ ಆಗಿಲ್ಲ ಅನಿಸಬಹುದು. ಆದರೆ ಸರಾಸರಿ ನೋಡಿಕೊಂಡು ಯಾರೂ ಬೇಸಾಯ ಮಾಡುವುದಿಲ್ಲ. ಈ ಸಲ ಒಟ್ಲು, ಅಂದರೆ ಸಸಿಮಡಿ, ಯಾವಾಗ ಹಾಕಬೇಕು, ನಾಟಿ ಹೊತ್ತಿಗೆ ನಾಲೆಗೆ ನೀರು ಬರುತ್ತಾ, ಬಂದರೆ ಕಾಳು ಕಟ್ಟುವವರೆಗೂ ಇರುತ್ತಾ, ಇಷ್ಟೇ ರೈತರ ಪ್ರಶ್ನೆ. ಹವಾಮಾನ ಬದಲಾವಣೆ ಅಂದಾಗ ಟಿವಿಯಲ್ಲಿ ಕರಗುವ ಹಿಮ ತೋರಿಸುತ್ತಾರೆ. ಮಂಡ್ಯಕ್ಕೆ ಅದು ತಟ್ಟುವುದು ತಾರೀಖಿನ ರೂಪದಲ್ಲಿ. ಮಳೆ ಕಡಿಮೆ ಆಯಿತು ಅನ್ನುವುದಕ್ಕಿಂತ ಮಳೆಯ ಮೇಲೆ ನಂಬಿಕೆ ಹೋಯಿತು ಅನ್ನುವುದು ಸರಿ.

ಹಾಗಂತ 2023ರ ಬರವನ್ನು ಪೂರ್ತಿ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯುವುದೂ ಬೇಡ. ಅದು ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುವ ವರ್ಷ. ಎಲ್ ನಿನೊ ಮೊದಲೂ ಇತ್ತು, ಬರವೂ ಇತ್ತು. ಬದಲಾಗಿರುವುದು ಹಿಂದಿರುವ ಗಾಳಿ. ಗಾಳಿಯ ಬಿಸಿ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಹೀಗಾಗಿ ಬಂದರೆ ಒಂದೇ ಸಲ ಸುರಿಯುವ ಮಳೆ, ಇಲ್ಲದಿದ್ದರೆ ವಾರಗಟ್ಟಲೆ ಒಣಹವೆ, ಈ ಎರಡೂ ಜಾಸ್ತಿ ಆಗುತ್ತಿವೆ. ಮಂಡ್ಯಕ್ಕೆ ಇನ್ನೊಂದು ಫಜೀತಿ ಇದೆ. ಇಲ್ಲಿನ ನೀರಾವರಿ ನಿಂತಿರುವುದು ಇಲ್ಲಿನ ಮಳೆಯ ಮೇಲಲ್ಲ, ಕೊಡಗಿನ ಮಳೆಯ ಮೇಲೆ. ಭಾಗಮಂಡಲದಲ್ಲಿ ಮೋಡ ಕೈಕೊಟ್ಟರೆ ಮದ್ದೂರಿನಲ್ಲಿ ಗದ್ದೆ ಒಣಗುತ್ತದೆ.

ಎರಡು ಕೆಲಸ, ಎರಡು ಥೈಲಿ

ಹವಾಮಾನ ಬದಲಾವಣೆಗೆ ಜಗತ್ತು ಎರಡು ಕೆಲಸ ಮಾಡಬೇಕು. ಒಂದು, ಬಿಸಿ ಹೆಚ್ಚಿಸುವ ಅನಿಲಗಳನ್ನು (ಸುಲಭಕ್ಕೆ 'ಹೊಗೆ' ಅನ್ನೋಣ) ಬಿಡುವುದು ಕಡಿಮೆ ಮಾಡಬೇಕು. ಇನ್ನೊಂದು, ಈಗಾಗಲೇ ಬದಲಾಗಿರುವ ಹವಾಮಾನಕ್ಕೆ ಹೊಂದಿಕೊಳ್ಳಬೇಕು. ಕಲ್ಲಿದ್ದಲು ಬಿಟ್ಟು ಸೋಲಾರ್‌ಗೆ ಹೋಗುವುದು ಮೊದಲನೇ ಕೆಲಸ. ಕೃಷಿ ಹೊಂಡ, ಬರ ತಡೆಯುವ ತಳಿ, ಬೆಳೆ ವಿಮೆ, ಮಳೆ ಮುನ್ಸೂಚನೆ, ಇವು ಎರಡನೇದು. ಮೊದಲನೇ ಕೆಲಸದ ಲಾಭ ಇಡೀ ಜಗತ್ತಿಗೆ ಹಂಚಿಹೋಗುತ್ತದೆ. ಎರಡನೇದರ ಲಾಭ ಮಾಡಿದ ಊರಿಗೇ ಉಳಿಯುತ್ತದೆ. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಂಡರೆ ಹವಾಮಾನದ ಅಂತರರಾಷ್ಟ್ರೀಯ ಜಗಳ ಅರ್ಧ ಅರ್ಥವಾದ ಹಾಗೆ.

'ನಾವು ಯಾಕೆ ಕಡಿಮೆ ಮಾಡಬೇಕು? ಹಾಳು ಮಾಡಿದವರು ಅವರು ತಾನೇ?' ಈ ಪ್ರಶ್ನೆ ನ್ಯಾಯವಾದದ್ದೇ. ವರ್ಷಕ್ಕೆ ತಲೆಗೆ ಇಷ್ಟು ಇಂಗಾಲದ ಡೈಆಕ್ಸೈಡ್ ಅಂತ ಲೆಕ್ಕ ಹಾಕಿದರೆ ಒಬ್ಬ ಭಾರತೀಯನದು ಸುಮಾರು 2 ಟನ್. ಅಮೆರಿಕದವನದು ಸುಮಾರು 14 ಟನ್. ನೂರೈವತ್ತು ವರ್ಷದ ಹಳೇ ಬಾಕಿ ಸೇರಿಸಿದರೆ ಅಂತರ ಇನ್ನೂ ದೊಡ್ಡದು. 1992ರ ರಿಯೊ ಸಮಾವೇಶದಲ್ಲೇ ಎಲ್ಲ ದೇಶಗಳೂ ಒಂದು ಮಾತು ಒಪ್ಪಿಕೊಂಡಿವೆ: ಜವಾಬ್ದಾರಿ ಎಲ್ಲರದ್ದು, ಆದರೆ ಎಲ್ಲರದ್ದೂ ಒಂದೇ ಸಮ ಅಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಟ್ಟಿತು. ಭಾರತ 2022ರಲ್ಲಿ ಪರಿಷ್ಕರಿಸಿ ಕೊಟ್ಟ ಗುರಿ ಹೀಗಿದೆ: 2030ರ ಹೊತ್ತಿಗೆ ಪ್ರತಿ ರೂಪಾಯಿ ಜಿಡಿಪಿಗೆ ಬಿಡುವ ಹೊಗೆಯನ್ನು 2005ಕ್ಕೆ ಹೋಲಿಸಿದರೆ ಶೇ 45ರಷ್ಟು ಇಳಿಸುವುದು, ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧವನ್ನು ಕಲ್ಲಿದ್ದಲು, ಅನಿಲ ಬಿಟ್ಟು ಬೇರೆ ಮೂಲಗಳಿಂದ ಪಡೆಯುವುದು. 2070ಕ್ಕೆ ನಿವ್ವಳ ಶೂನ್ಯ, ಅಂದರೆ ಬಿಟ್ಟಷ್ಟನ್ನು ಮತ್ತೆ ಹೀರಿಸಿ ಲೆಕ್ಕ ಸೊನ್ನೆ ಮಾಡುವುದು. ಗಮನಿಸಿ, ಮೊದಲ ಗುರಿಯಲ್ಲಿ ಒಟ್ಟು ಹೊಗೆ ಇಳಿಸುತ್ತೇವೆ ಅಂತ ಎಲ್ಲೂ ಹೇಳಿಲ್ಲ. ಆದಾಯ ಬೆಳೆದಷ್ಟು ಹೊಗೆ ಬೆಳೆಯದಂತೆ ನೋಡಿಕೊಳ್ಳುತ್ತೇವೆ ಅಂತಷ್ಟೇ. ಬೆಳೆಯುವ ದೇಶ ಕೊಡಬಹುದಾದ ಮಾತು ಅದೇ.

ಸಾಮರ್ಥ್ಯದ ಅರ್ಧ ಅನ್ನುವ ಗುರಿ ಐದು ವರ್ಷ ಮೊದಲೇ, 2025ರಲ್ಲೇ ಮುಟ್ಟಿಯಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ರಾತ್ರಿ ಒಂದು ಯೂನಿಟ್ಟೂ ಕೊಡುವುದಿಲ್ಲ. ರಾಯಚೂರಿನ ಕಲ್ಲಿದ್ದಲು ಸ್ಥಾವರ ಕೊಡುತ್ತದೆ. ದೇಶದಲ್ಲಿ ಉತ್ಪಾದನೆಯಾಗುವ ಕರೆಂಟಿನಲ್ಲಿ ದೊಡ್ಡ ಪಾಲು ಈಗಲೂ ಕಲ್ಲಿದ್ದಲಿನದೇ.

ಹಾಗಾದರೆ ಇದರಲ್ಲಿ ಮಂಡ್ಯದ ಪಾತ್ರ ಏನು? ಭಾರತ ವಿಶ್ವಸಂಸ್ಥೆಗೆ ಕೊಟ್ಟ 2020ರ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಪಾಲು ಹೊರಸೂಸುವಿಕೆ ಇಂಧನ ಮತ್ತು ವಿದ್ಯುತ್ತಿನದು. ಕೃಷಿಯದು ಸುಮಾರು ಶೇ 14. ಅದರಲ್ಲಿ ದನಕರುಗಳ ಪಾಲು ದೊಡ್ಡದು, ಭತ್ತದ ಗದ್ದೆಯದೂ ಇದೆ. ಅಂದರೆ ಮಂಡ್ಯದ ರೈತ ಈ ಕಥೆಯ ಖಳನಾಯಕ ಅಲ್ಲವೇ ಅಲ್ಲ. ಆದರೂ ಭತ್ತದ ಗದ್ದೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊಂದಿಕೊಳ್ಳುವ ಕೆಲಸವೂ ಹೊಗೆ ಇಳಿಸುವ ಕೆಲಸವೂ ಒಂದೇ ಕಡೆ ಸೇರುವುದು ಅಲ್ಲಿ. ಎರಡೂ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ.

ಕೆಸರಿನಿಂದ ಏಳುವ ಗುಳ್ಳೆ

ನಾಟಿಯಾಗಿ ತಿಂಗಳಾದ ಗದ್ದೆಗೆ ಇಳಿದು ಕಾಲೂರಿ. ಕೆಸರು ಕುಸಿದ ಕಡೆ ಬುಳುಬುಳು ಅಂತ ಗುಳ್ಳೆ ಏಳುತ್ತವೆ. ಅದರಲ್ಲಿ ಮೀಥೇನ್ ಇರುತ್ತದೆ. ಗೋಬರ್ ಗ್ಯಾಸ್‌ನಲ್ಲಿ ಒಲೆ ಉರಿಸುವ ಅನಿಲ ಇದೇ. ಗದ್ದೆಯಲ್ಲಿ ನೀರು ನಿಂತರೆ ಮಣ್ಣಿಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆ ಬದುಕುವ ಒಂದು ಜಾತಿಯ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಹಳೇ ಬೇರು, ಕೂಳೆ, ಸೊಪ್ಪನ್ನೆಲ್ಲ ತಿಂದು ಮೀಥೇನ್ ಬಿಡುತ್ತವೆ. ಕಣ್ಣಿಗೆ ಕಾಣುವ ಗುಳ್ಳೆ ಬರೀ ಸ್ವಲ್ಪ ಭಾಗ. ಬಹುಪಾಲು ಮೀಥೇನ್ ಹೊರಬರುವುದು ಭತ್ತದ ಪೈರಿನ ಒಳಗಿನಿಂದಲೇ. ನೀರಿನಲ್ಲಿ ನಿಂತೂ ಉಸಿರಾಡಲು ಭತ್ತದ ದಂಟಿನಲ್ಲಿ ಗಾಳಿ ಕೊಳವೆಗಳಿವೆ. ಬೇರಿಗೆ ಆಮ್ಲಜನಕ ಇಳಿಯುವ ದಾರಿಯಲ್ಲೇ ಮೀಥೇನ್ ಮೇಲೆ ಬರುತ್ತದೆ. ಪ್ರತಿ ತೆಂಡೆಯೂ ಒಂದೊಂದು ಸಣ್ಣ ಚಿಮಣಿ ಇದ್ದ ಹಾಗೆ.

ಮೀಥೇನ್ ಗಾಳಿಯಲ್ಲಿ ಸುಮಾರು 12 ವರ್ಷ ಮಾತ್ರ ಇರುತ್ತದೆ. ಆದರೆ ಇದ್ದಷ್ಟು ದಿನ ಜೋರು. 100 ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ ಸುಮಾರು 27 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ದಕ್ಷಿಣ ಏಷ್ಯಾಕ್ಕೆ ಕೊಟ್ಟಿರುವ ಅಂದಾಜು ಹಿಡಿದರೆ, ಸದಾ ನೀರು ನಿಲ್ಲಿಸಿದ ಒಂದು ಹೆಕ್ಟೇರ್ ಗದ್ದೆ ದಿನಕ್ಕೆ 0.85 ಕೆಜಿ ಮೀಥೇನ್ ಬಿಡುತ್ತದೆ. 112 ದಿನದ ಬೆಳೆಗೆ ಗುಣಿಸಿ, ಎಕರೆಗೆ ಇಳಿಸಿ ನೋಡಿ. ಎಕರೆಗೆ ಒಂದು ಬೆಳೆಗೆ 38 ಕೆಜಿ ಮೀಥೇನ್ ಬರುತ್ತದೆ. ಅಂದರೆ ಸುಮಾರು 1 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಗದ್ದೆಯಿಂದ ಗದ್ದೆಗೆ ಇದು ಬದಲಾಗುತ್ತದೆ. ಹಸಿ ಸೊಪ್ಪು, ಹಸಿ ಹುಲ್ಲು ತುಳಿದು ಮುಚ್ಚಿ ನೀರು ನಿಲ್ಲಿಸಿದರೆ ಜಾಸ್ತಿ. ಚೆನ್ನಾಗಿ ಕಳಿತ ಗೊಬ್ಬರ ಹಾಕಿದರೆ ಕಡಿಮೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆಲೆಮನೆಯ ಒಲೆಯಿಂದ ದಟ್ಟ ಹೊಗೆ ಬರುವುದು ನೋಡಿ 'ಇದೇ ದೊಡ್ಡ ಮಾಲಿನ್ಯ' ಅನ್ನುತ್ತಾರೆ. ಪಕ್ಕದವರ ಕಣ್ಣು, ಗಂಟಲಿನ ವಿಷಯದಲ್ಲಿ ಅದು ನಿಜ. ಆದರೆ ಹವಾಮಾನದ ಲೆಕ್ಕವೇ ಬೇರೆ. ಕಬ್ಬಿನ ಸಿಪ್ಪೆ ಸುಟ್ಟಾಗ ಬರುವ ಇಂಗಾಲ ಹೋದ ವರ್ಷ ಅದೇ ಕಬ್ಬು ಗಾಳಿಯಿಂದ ಎಳೆದುಕೊಂಡಿದ್ದು. ಮುಂದಿನ ಕೂಳೆ ಬೆಳೆ ಅದನ್ನು ಮತ್ತೆ ಎಳೆದುಕೊಳ್ಳುತ್ತದೆ. ಕಲ್ಲಿದ್ದಲು ಹಾಗಲ್ಲ, ಕೋಟ್ಯಂತರ ವರ್ಷ ನೆಲದೊಳಗೆ ಹೂತಿದ್ದ ಇಂಗಾಲ ಅದು. ಇನ್ನು ಭತ್ತದ ಗದ್ದೆಯಿಂದ ಕಣ್ಣಿಗೆ ಕಾಣುವ ಹೊಗೆ ಬರುವುದೇ ಇಲ್ಲ. ನೋಡೋಕೆ ಹಸಿರು. ಮೀಥೇನ್ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಬರುವುದಿಲ್ಲ.

ಒಂದು ಅಡಿ ಪೈಪು

ಗದ್ದೆಗೆ ಸ್ವಲ್ಪ ಗಾಳಿ ಆಡಿಸಿದರೆ ಆ ಸೂಕ್ಷ್ಮಜೀವಿಗಳು ಸುಮ್ಮನಾಗುತ್ತವೆ. ಫಿಲಿಪೈನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದಕ್ಕೊಂದು ಸರಳ ವಿಧಾನ ಬಳಕೆಗೆ ತಂದಿದೆ. ನೀರು ಕಟ್ಟುವುದು, ಆರಲು ಬಿಡುವುದು, ಮತ್ತೆ ಕಟ್ಟುವುದು. ಎಷ್ಟು ಆರಬೇಕು ಅಂತ ತಿಳಿಯಲು ಒಂದು ಪೈಪ್ ತುಂಡು ಸಾಕು.

ಸುಮಾರು 30 ಸೆಂಟಿಮೀಟರ್, ಅಂದರೆ ಒಂದು ಅಡಿ ಉದ್ದದ ಅಗಲವಾದ ಪಿವಿಸಿ ಪೈಪ್ ತೆಗೆದುಕೊಳ್ಳಿ. ಕೆಳಗಿನ 20 ಸೆಂಟಿಮೀಟರ್‌ಗೆ ಸುತ್ತಲೂ ತೂತು ಕೊರೆಯಿರಿ. ತೂತಿರುವ ಭಾಗ ಪೂರ್ತಿ ಮಣ್ಣಿನೊಳಗೆ ಹೋಗುವ ಹಾಗೆ ಬದುವಿನ ಹತ್ತಿರ ನೆಟ್ಟು, ಪೈಪಿನೊಳಗಿನ ಮಣ್ಣು ತೆಗೆದುಹಾಕಿ. ಈಗ ಒಳಗೆ ಕಾಣುವ ನೀರಿನ ಮಟ್ಟವೇ ಗದ್ದೆಯ ಮಣ್ಣಿನೊಳಗಿನ ಮಟ್ಟ. ಮೇಲೆ ನೀರು ಕಾಣದಿದ್ದರೂ ಬೇರಿಗೆ ನೀರು ಸಿಗುತ್ತಿದೆ ಅಂತ ಅದು ತೋರಿಸುತ್ತದೆ. ಮಟ್ಟ ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಹಾಯಿಸಬೇಕು. ನಾಟಿಯಾದ ಮೊದಲ ಎರಡು ವಾರ ಮಾತ್ರ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ಕಳೆ ಎದ್ದುಬಿಡುತ್ತದೆ. ಹೂವಾಡುವ ಹೊತ್ತಿನಲ್ಲೂ ಒಣಗಿಸುವ ಹಾಗಿಲ್ಲ, ಜೊಳ್ಳು ಜಾಸ್ತಿ ಆಗುತ್ತದೆ.

ಹೀಗೆ ಮಾಡಿದರೆ ನೀರು ಶೇ 30ರವರೆಗೂ ಉಳಿಯಬಹುದು. ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸರಿಯಾಗಿ ಮಾಡಿದರೆ ಇಳುವರಿ ಬೀಳುವುದಿಲ್ಲ. ಒಂದು ಎಚ್ಚರಿಕೆ ಇದೆ. ಒಣಗಿಸಿ ನೆನೆಸಿದಾಗ ಯೂರಿಯಾದ ಸಾರಜನಕ ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುವುದು ಹೆಚ್ಚುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಜೋರು. ಆದ್ದರಿಂದ ಯೂರಿಯಾವನ್ನು ಒಂದೇ ಸಲ ಎರಚದೆ ಎರಡು ಮೂರು ಕಂತಿನಲ್ಲಿ ಕೊಡಬೇಕು. ಹಾಗೆ ಮಾಡಿದರೆ ಒಟ್ಟಾರೆ ಲಾಭವೇ.

ಬರ ಬಂದರೆ ತಡೆದುಕೊಳ್ಳುವ ಶಕ್ತಿಯೂ ಬಂತು, ಹೊರಸೂಸುವಿಕೆಯೂ ಇಳಿಯಿತು. ಖರ್ಚು ಒಂದು ಪೈಪ್ ತುಂಡು. ಇಷ್ಟು ಸುಲಭ ಇದ್ದರೆ ಊರಿಗೆ ಊರೇ ಯಾಕೆ ಮಾಡುತ್ತಿಲ್ಲ? ರೈತರಿಗೆ ಅರಿವಿಲ್ಲ ಅಂತ ಎಲ್ಲ ಕಾರ್ಯಾಗಾರಗಳಲ್ಲೂ ಹೇಳುತ್ತಾರೆ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ರೈತರಿಗೆ ಲೆಕ್ಕ ಚೆನ್ನಾಗಿ ಗೊತ್ತಿದೆ, ಅದಕ್ಕೇ ಮಾಡುತ್ತಿಲ್ಲ.

ಗದ್ದೆ ಆರಲು ಬಿಡುವವನಿಗೆ ಒಂದು ಧೈರ್ಯ ಬೇಕು. ನಾನು ಬೇಕು ಅಂದ ದಿನ ನೀರು ಬರುತ್ತದೆ ಅನ್ನುವ ಧೈರ್ಯ. ಬೋರ್‌ವೆಲ್ ಇರುವವನಿಗೆ ಅದು ಇದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವನಿಗೆ ಇಲ್ಲ. ನೀರು ಕಟ್ಟು ಪದ್ಧತಿಯಲ್ಲಿ ಬರುತ್ತದೆ, ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಮೇಲಿನವರು ಎತ್ತಿಕೊಂಡು ಉಳಿದದ್ದು ಕೆಳಗೆ. ಮಳವಳ್ಳಿ, ಮದ್ದೂರು ಕಡೆಯ ಕೊನೆ ಭಾಗದ ಹಳ್ಳಿಗಳಲ್ಲಿ 'ನೀರು ಬಂದಾಗ ಕಟ್ಟಿಕೋ, ನಾಳೆ ಯಾರು ಕಂಡೋರು' ಅನ್ನುವುದೇ ಬುದ್ಧಿವಂತಿಕೆ. ತುಂಬಿ ನಿಂತ ಗದ್ದೆಯೇ ಅವರ ವಿಮೆ. ಅಂಥವರಿಗೆ ಪೈಪ್ ಕೊಟ್ಟು 'ನೀರು ಇಳಿಯಲು ಬಿಡಿ' ಅಂದರೆ, ಅವರ ವಿಮೆ ರದ್ದು ಮಾಡಿ ಅಂದ ಹಾಗೇ ಅಲ್ವಾ?

ಇನ್ನೊಂದು ಕಡೆಯಿಂದ ನೋಡಿ. ಮೇಲ್ಭಾಗದ ರೈತ ನೀರು ಉಳಿಸಿದ ಅಂತಿಟ್ಟುಕೊಳ್ಳಿ. ಆ ನೀರು ಯಾರಿಗೆ ಹೋಯಿತು? ಕೊನೆ ಭಾಗದವರಿಗೆ ಮುಟ್ಟಿತಾ, ಪಕ್ಕದ ಗದ್ದೆಯವನು ಎತ್ತಿಕೊಂಡನಾ, ಸುಮ್ನೆ ಹಳ್ಳಕ್ಕೆ ಹರಿಯಿತಾ? ಉಳಿಸಿದವನಿಗೆ ಗೊತ್ತಾಗುವುದಿಲ್ಲ. ಅವನಿಗೆ ಒಂದು ರೂಪಾಯಿ ಕಡಿಮೆಯೂ ಆಗುವುದಿಲ್ಲ, ನಾಲೆ ನೀರಿಗೆ ಎಷ್ಟು ಬಳಸಿದೆ ಅಂತ ಅಳತೆ ಇಲ್ಲವಲ್ಲ. ಹಾಗಾಗಿ ಮಂಡ್ಯದಲ್ಲಿ ಹವಾಮಾನ ನೀತಿಯ ಮೊದಲ ಕೆಲಸ ರೈತನ ಗದ್ದೆಯಲ್ಲಿಲ್ಲ, ತೂಬಿನಲ್ಲಿದೆ, ಅಂದರೆ ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ಬಾಯಲ್ಲಿ. ಯಾವ ತೂಬಿಗೆ ಯಾವ ದಿನ ಎಷ್ಟು ನೀರು ಅಂತ ಬಿತ್ತನೆಗೆ ಮೊದಲೇ ಬರೆದು ಅಂಟಿಸಿ, ಆ ಮಾತು ಉಳಿಸಿಕೊಳ್ಳಬೇಕು. ನೀರು ಕಡಿಮೆ ಇದ್ದರೆ ಕಡಿಮೆ ಅಂತಲೇ ಹೇಳಲಿ. ಖಚಿತವಾದ ಕಡಿಮೆ ನೀರಿನಲ್ಲಿ ರೈತ ಬೆಳೆದುಕೊಳ್ಳುತ್ತಾನೆ. ಅನುಮಾನದ ಜಾಸ್ತಿ ನೀರಿನಲ್ಲಿ ಬೆಳೆಯುವುದು ಕಷ್ಟ. ತೂಬು ನೋಡಿಕೊಳ್ಳುವ ನೀರುಗಂಟಿಗೆ ಮೊಬೈಲ್ ಕೊಡುವುದು, ತೂಬಿಗೆ ಅಳತೆಪಟ್ಟಿ ಹಾಕುವುದು, ಇಂಥವು ಹವಾಮಾನ ಸಮ್ಮೇಳನದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಫೋಟೋಗೆ ಚೆಂದ ಕಾಣುವುದಿಲ್ಲ.

ಬರ ಬಂದರೆ ಹೊಗೆ ಹೆಚ್ಚುತ್ತದೆ

ನಾಲೆ ಕೈಕೊಟ್ಟಾಗ ರೈತ ಏನು ಮಾಡುತ್ತಾನೆ? ಬೋರ್ ಕೊರೆಸುತ್ತಾನೆ. ಇದೂ ಹೊಂದಿಕೊಳ್ಳುವುದೇ. ಆದರೆ ಒಬ್ಬನನ್ನು ಉಳಿಸಿ ಊರನ್ನು ಮುಳುಗಿಸುವ ಬಗೆಯದು. ಅಂತರ್ಜಲ ಇಳಿದರೆ ಪಕ್ಕದವನು ಇನ್ನೂ ಆಳಕ್ಕೆ ಹೋಗಬೇಕು. ಕರೆಂಟಿನ ಲೆಕ್ಕ ನೋಡಿ. 5 ಎಚ್‌ಪಿ ಮೋಟರ್ ಗಂಟೆಗೆ ಸುಮಾರು 4 ಯೂನಿಟ್ ತಿನ್ನುತ್ತದೆ. ದಿನಕ್ಕೆ 7 ಗಂಟೆ ಓಡಿದರೆ 28 ಯೂನಿಟ್. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ದಿನಕ್ಕೆ ಹತ್ತಿರ ಹತ್ತಿರ 20 ಕೆಜಿ ಆಯಿತು. 50 ದಿನ ಓಡಿಸಿದರೆ 1 ಟನ್. ಒಂದು ಎಕರೆ ಭತ್ತ ಇಡೀ ಬೆಳೆಗೆ ಬಿಡುವಷ್ಟೇ ಅದೂ.

ಜಿಲ್ಲೆಗೆ ಇದರಲ್ಲಿ ಹಳೇ ನಂಟಿದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಒಂದು ಚೂರೂ ಕಲ್ಲಿದ್ದಲು ಸುಡದೆ. ಕರ್ನಾಟಕ ಬಹಳ ಕಾಲ ನಂಬಿಕೊಂಡಿದ್ದೂ ಜಲವಿದ್ಯುತ್ತನ್ನೇ. ಬರ ಬಂದಾಗ ಏನಾಗುತ್ತದೆ ನೋಡಿ. ಜಲಾಶಯ ಖಾಲಿ, ಜಲವಿದ್ಯುತ್ ಕುಸಿಯುತ್ತದೆ. ಅದೇ ಹೊತ್ತಿಗೆ ಮಳೆ ಇಲ್ಲ ಅಂತ ಎಲ್ಲರ ಪಂಪ್‌ಸೆಟ್ಟೂ ಓಡುತ್ತಿರುತ್ತವೆ, ಬೇಡಿಕೆ ಏರುತ್ತದೆ. ನಡುವಿನ ಅಂತರ ತುಂಬಲು ಕಲ್ಲಿದ್ದಲು ಸುಡಬೇಕು. 2023ರಲ್ಲಿ ರಾಜ್ಯ ಎದುರಿಸಿದ ವಿದ್ಯುತ್ ಕೊರತೆಯ ಹಿಂದೆ ಇದೇ ಕಥೆ ಇತ್ತು. ಬಿಸಿ ಏರಿದರೆ ಬರ ಹೆಚ್ಚು, ಬರ ಹೆಚ್ಚಿದರೆ ಹೊಗೆ ಹೆಚ್ಚು, ಹೊಗೆ ಹೆಚ್ಚಿದರೆ ಮತ್ತೆ ಬಿಸಿ.

ಸೋಲಾರ್ ಪಂಪ್ ಇದಕ್ಕೆ ಉತ್ತರವಾ? ಅರ್ಧ ಉತ್ತರ. 2019ರಲ್ಲಿ ಕೇಂದ್ರ ಸರ್ಕಾರ ಸೋಲಾರ್ ಪಂಪ್‌ಗೆ ನೆರವು ಕೊಡುವ ಪಿಎಂ ಕುಸುಮ್ ಯೋಜನೆ ತಂದಿತು. ಹೊಗೆ ಇಳಿಯುತ್ತದೆ ನಿಜ. ಆದರೆ ಬಿಸಿಲು ಇರುವಷ್ಟು ಹೊತ್ತೂ ನೀರು ಬಿಟ್ಟಿ ಬಂದರೆ ಮೋಟರ್ ಆರಿಸುವವರು ಯಾರು? ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟೂ ಬಿಟ್ಟಿಯೇ. ಅದನ್ನು ತೆಗೆಯಿರಿ ಅಂತ ನಾನು ಹೇಳುವುದಿಲ್ಲ, ಯಾವ ಸರ್ಕಾರವೂ ತೆಗೆಯುವುದಿಲ್ಲ. ಆದರೆ ಉಳಿದ ಕರೆಂಟನ್ನು ಗ್ರಿಡ್‌ಗೆ ಮಾರುವ ಅವಕಾಶ ಕೊಟ್ಟರೆ ಲೆಕ್ಕ ತಿರುಗುತ್ತದೆ. ನೀರು ಎತ್ತದ ಪ್ರತಿ ಗಂಟೆಗೂ ಕೈಗೆ ಕಾಸು. ಕರ್ನಾಟಕ 2014ರಲ್ಲೇ ಸೂರ್ಯ ರೈತ ಅನ್ನುವ ಹೆಸರಿನಲ್ಲಿ ಇದನ್ನು ಶುರು ಮಾಡಿತ್ತು. ಗುಜರಾತ್ 2018ರಲ್ಲಿ ಇಂಥದ್ದೇ ಯೋಜನೆ ತಂದಿತು. ಐಡಿಯಾ ನಮ್ಮದೇ, ಎಲ್ಲೆಡೆ ಹರಡಲಿಲ್ಲ ಅಷ್ಟೇ.

ರಾಗಿ ಯಾಕೆ ಬೆಳೆಯಬಾರದು ಅನ್ನುವವರಿಗೆ

ಬೆಂಗಳೂರಿನಲ್ಲಿ ಕೂತು ಮಾತಾಡುವವರು ಸಾಮಾನ್ಯವಾಗಿ ಕೇಳುತ್ತಾರೆ: ಭತ್ತ, ಕಬ್ಬು ಬಿಟ್ಟು ರಾಗಿ ಬೆಳೆಯಬಾರದಾ? ರಾಗಿ ಒಳ್ಳೆಯ ಬೆಳೆ, ಅನುಮಾನವೇ ಇಲ್ಲ. ನೀರು ನಿಲ್ಲಿಸಬೇಕಾಗಿಲ್ಲ, ಹಾಗಾಗಿ ಮೀಥೇನ್ ತಂಟೆಯಿಲ್ಲ. ಬಿಸಿಲು, ಒಣಹವೆ ತಡೆಯುತ್ತದೆ. ನಾಗಮಂಗಲದ ಖುಷ್ಕಿ ಹೊಲಗಳಲ್ಲಿ ಈಗಲೂ ರಾಗಿಯೇ ಆಧಾರ. ರಾಗಿಯ ಇವತ್ತಿನ ತಳಿಗಳ ಹಿಂದೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯ ಅವರ ಶ್ರಮವಿದೆ. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಅವರು ಇಂಡಾಫ್ ತಳಿಗಳನ್ನು ತಂದರು. ರಾಗಿ ಹೂ ತೀರಾ ಸಣ್ಣದು, ಅದನ್ನು ಸಂಕರ ಮಾಡುವುದು ತಾಳ್ಮೆ ಪರೀಕ್ಷಿಸುವ ಕೆಲಸ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಹವಾಮಾನ ಹೊಂದಾಣಿಕೆ ಅಂತ ಆಗ ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ.

ಬೆಲೆಯೂ ಈಗ ಪರವಾಗಿಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಆದರೂ ನಾಲೆ ಬಯಲಿನವರು ರಾಗಿಗೆ ಬರುವುದಿಲ್ಲ. ಒಂದು, ಭತ್ತದ ಇಳುವರಿ ರಾಗಿಗಿಂತ ಜಾಸ್ತಿ. ಎರಡು, ಸುತ್ತಲೂ ಭತ್ತದ ಗದ್ದೆ ಇದ್ದು ನಡುವೆ ಒಬ್ಬ ರಾಗಿ ಹಾಕಿದರೆ ಪಕ್ಕದ ಜಿನುಗು ನೀರಿಗೆ ಬೇರು ಕೊಳೆಯುತ್ತದೆ. ಬಯಲಿಗೆ ಬಯಲೇ ಬದಲಾಗಬೇಕು. ಕಬ್ಬಿನ ವಿಷಯ ಇನ್ನೂ ಸ್ವಾರಸ್ಯ. ಕಬ್ಬು ವರ್ಷವಿಡೀ ನೀರು ಕುಡಿಯುತ್ತದೆ ಅಂತ ಬೈಯುತ್ತೇವೆ. ಆದರೆ ಒಂದು ಕಟ್ಟು ನೀರು ತಪ್ಪಿದರೆ ಹೊಸ ನಾಟಿಯ ಭತ್ತ ಸಾಯುತ್ತದೆ, ಕಬ್ಬು ಬಾಡಿ ಮತ್ತೆ ಚೇತರಿಸಿಕೊಳ್ಳುತ್ತದೆ. ಕೂಲಿ ಕಡಿಮೆ, ಮಳೆ ಗಾಳಿಗೆ ಭಯ ಕಡಿಮೆ. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದಾಗಿನಿಂದ ಕೊಳ್ಳುವವರೂ ಇದ್ದಾರೆ. ಅಂದರೆ ನೀರು ಖಚಿತವಿಲ್ಲದ ಕಾಲದಲ್ಲಿ ಕಬ್ಬೇ ರೈತ ಕಂಡುಕೊಂಡ ಹೊಂದಾಣಿಕೆ. ಇದು ಜಿಲ್ಲೆಗೆ ಒಳ್ಳೆಯದಲ್ಲದಿರಬಹುದು, ಅವನಿಗೆ ತಪ್ಪಲ್ಲ.

ನಡುದಾರಿಯೂ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಎಂಎಎಸ್ 946-1 ಅನ್ನುವ ಏರೋಬಿಕ್ ಭತ್ತದ ತಳಿ ಕೊಟ್ಟಿದೆ. ರಾಗಿ ಹೊಲದ ಹಾಗೆ ಕೂರಿಗೆಯಲ್ಲಿ ಬಿತ್ತಿ, ನೀರು ನಿಲ್ಲಿಸದೆ, ಬೇಕಾದಾಗ ನೆನೆಸಿ ಬೆಳೆಯುವ ಭತ್ತ. ಅದರ ತೊಡಕು ಕಳೆ. ನಿಂತ ನೀರು ಇಲ್ಲಿಯವರೆಗೆ ಮಾಡುತ್ತಿದ್ದ ಕಳೆ ನಿಯಂತ್ರಣವನ್ನು ಇನ್ನು ಮನುಷ್ಯರು ಮಾಡಬೇಕು, ಅಥವಾ ಔಷಧಿ ಹೊಡೆಯಬೇಕು.

ಕಾಸಿನ ಮಾತು

2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು ಒಂದು ಮಾತು ಕೊಟ್ಟವು: 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಹವಾಮಾನ ನೆರವು. ಅವರದೇ ಲೆಕ್ಕದಲ್ಲೂ ಅದು ಈಡೇರಿದ್ದು 2022ರಲ್ಲಿ. ಅದರಲ್ಲೂ ದೊಡ್ಡ ಪಾಲು ಸಾಲ. 2024ರ ನವೆಂಬರ್‌ನಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಹೊಸ ಮೊತ್ತ ನಿಗದಿಯಾಯಿತು, 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. ಬಡ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ ಡಾಲರ್. ಭಾರತ ಅಲ್ಲೇ ಸಭೆಯಲ್ಲೇ ವಿರೋಧ ದಾಖಲಿಸಿತು.

ಬಂದ ಹಣದಲ್ಲಿ ಹೊಗೆ ಇಳಿಸುವ ಯೋಜನೆಗಳಿಗೇ ಜಾಸ್ತಿ, ಹೊಂದಿಕೊಳ್ಳುವ ಕೆಲಸಕ್ಕೆ ಕಡಿಮೆ. ಕಾರಣ ಸರಳ. ಸೋಲಾರ್ ಪಾರ್ಕ್‌ಗೆ ಸಾಲ ಕೊಟ್ಟರೆ ಕರೆಂಟ್ ಮಾರಿ ತೀರಿಸುತ್ತಾರೆ. ತೂಬು ರಿಪೇರಿಗೆ ಸಾಲ ಕೊಟ್ಟರೆ ತೀರಿಸುವುದು ಎಲ್ಲಿಂದ? ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುಂದೂರು ಬೆಟ್ಟದಲ್ಲಿ ಕುರಿ ಮೇಯಿಸಿಕೊಂಡೇ ಕಟ್ಟೆಗಳನ್ನು ತೋಡಿಸಿದರು. 2020ರಲ್ಲಿ ಪ್ರಧಾನಿ ಆಕಾಶವಾಣಿಯಲ್ಲಿ ಅವರ ಹೆಸರು ಹೇಳಿದರು. ಆ ಕಟ್ಟೆಗಳಲ್ಲಿ ಪ್ರಾಣಿ ಪಕ್ಷಿಗಳಿಗೆ ನೀರಿದೆ, ಬಡ್ಡಿ ಹುಟ್ಟುವುದಿಲ್ಲ. ಯಾವ ಬ್ಯಾಂಕೂ ಅದಕ್ಕೆ ಸಾಲ ಕೊಡುತ್ತಿರಲಿಲ್ಲ. ಇಂಥ ಕೆಲಸಕ್ಕೆ ಸರ್ಕಾರದ ದುಡ್ಡು ಅಥವಾ ಹೊರಗಿನ ಅನುದಾನವೇ ಬೇಕು. ಕರ್ನಾಟಕ ಕೆಲವು ಒಳ್ಳೆಯ ಕೆಲಸ ಸ್ವಂತ ಕಾಸಿನಲ್ಲೇ ಮಾಡಿದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಪಕಗಳು, ಮಳೆ ಮಾಹಿತಿ ಕೊಡುವ ವರುಣಮಿತ್ರ ಸಹಾಯವಾಣಿ, 2014ರಿಂದ ಕೃಷಿಭಾಗ್ಯದ ಹೊಂಡಗಳು.

ಈಗ ಊರೂರಿಗೆ ಕಾರ್ಬನ್ ಕ್ರೆಡಿಟ್ ಮಾತು ಬರುತ್ತಿದೆ. ನೀವು ಮೀಥೇನ್ ಕಡಿಮೆ ಮಾಡಿ, ಅದನ್ನು ಟನ್ ಲೆಕ್ಕದಲ್ಲಿ ಕಂಪನಿಗಳಿಗೆ ಮಾರುತ್ತೇವೆ, ನಿಮಗೆ ಪಾಲು ಕೊಡುತ್ತೇವೆ ಅಂತ. ಲೆಕ್ಕ ಹಾಕೋಣ. ಎಕರೆಗೆ 1 ಟನ್‌ನಲ್ಲಿ ಸುಮಾರು 0.45 ಟನ್ ಉಳಿಯಿತು. ಟನ್ನಿಗೆ 10 ಡಾಲರ್ ಸಿಕ್ಕಿತು, ಡಾಲರ್‌ಗೆ 85 ರೂಪಾಯಿ ಅಂತಿಟ್ಟುಕೊಳ್ಳಿ. ಎಕರೆಗೆ 380 ರೂಪಾಯಿ ಚಿಲ್ಲರೆ ಆಯಿತು. ತಪಾಸಣೆ ಖರ್ಚು, ಮಧ್ಯವರ್ತಿಯ ಪಾಲು ಕಳೆಯದೆ. ಅದೇ ಎಕರೆಯ ಭತ್ತ 22 ಕ್ವಿಂಟಲ್ ಆದರೆ 52,000 ರೂಪಾಯಿ. ಶೇ 1ಕ್ಕಿಂತ ಕಡಿಮೆ ಕಾಸಿಗೆ ಇಡೀ ಬೆಳೆಯನ್ನು ಪಣಕ್ಕಿಡಿ ಅಂದರೆ ಯಾರು ಒಪ್ಪುತ್ತಾರೆ? ಅಳತೆಯದೂ ಒಂದು ತಲೆನೋವು. ಕ್ರೆಡಿಟ್‌ಗಳನ್ನು ಪ್ರಮಾಣೀಕರಿಸುವ ವೆರಾ ಸಂಸ್ಥೆ 2024ರಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿತು.

ಹಾಗಂತ ಬಾಗಿಲಲ್ಲೇ ವಾಪಸ್ ಕಳಿಸಬೇಕಿಲ್ಲ. ನೀರು ಖಚಿತವಾಗಿ ಸಿಗುವ ಕಡೆ, ಹೇಗೂ ನೀರು ಉಳಿಸುವವರಿಗೆ, ಅದು ಮೇಲಿನ ಸಣ್ಣ ಲಾಭ. ಸಹಿ ಹಾಕುವ ಮೊದಲು ಕೆಲವು ವಿಷಯ ಕೇಳಿಕೊಳ್ಳಿ. ಒಪ್ಪಂದ ಎಷ್ಟು ವರ್ಷಕ್ಕೆ, ನಡುವೆ ಬಿಟ್ಟರೆ ದಂಡ ಇದೆಯಾ. ಕ್ರೆಡಿಟ್ ಯಾರ ಹೆಸರಿಗೆ, ಪಹಣಿಯಲ್ಲಿ ಹೆಸರಿರುವವರಿಗಾ, ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಮಾಡುತ್ತಿರುವವರಿಗಾ. ಮಾರಿದ ಬೆಲೆ ನಿಮಗೆ ತೋರಿಸುತ್ತಾರಾ. ಇಳುವರಿ ಬಿದ್ದರೆ ಯಾರು ಕೊಡುತ್ತಾರೆ. ಪೈಪಿನಲ್ಲಿ ನೀರು 15 ಸೆಂಟಿಮೀಟರ್ ಇಳಿದ ದಿನ ನಾಲೆಯಲ್ಲಿ ನೀರಿಲ್ಲದಿದ್ದರೆ ಏನು ಅಂತ ಕಾಗದದಲ್ಲಿ ಎಲ್ಲಾದರೂ ಬರೆದಿದೆಯಾ, ಅದನ್ನೂ ನೋಡಿ.